ಮಾತ್ರೆ ನುಂಗಿದ್ದು ಇವತ್ತೋ ನಿನ್ನೆಯೋ? ನೆನಪುಗಳನ್ನು ಬೇರೆ ಬೇರೆಯಾಗಿ ಇಡುವ ಹಿಪ್ಪೊಕ್ಯಾಂಪಸ್ ಬಗ್ಗೆ

ತುಂಗಾತೀರ

ನನ್ನ ಅಮ್ಮನಿಗೆ ಈಗ 71. ತೀರ್ಥಹಳ್ಳಿಯ ಮನೆ ಬಿಟ್ಟು ಬೆಂಗಳೂರಿನ ನಮ್ಮ ಮನೆಗೆ ಬಂದು ಎಂಟು ತಿಂಗಳಾಯಿತು. ಬೆಳಿಗ್ಗೆ ತಿಂಡಿಯಾದ ಮೇಲೆ ಅವರಿಗೆ ರಕ್ತದೊತ್ತಡದ ಒಂದು ಮಾತ್ರೆ ಇದೆ. ಕಳೆದ ವಾರ ಮಾತ್ರೆಯ ಹಾಳೆ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದರು. ಏನಮ್ಮ ಎಂದು ಕೇಳಿದೆ. "ನುಂಗಿದ್ದು ಚೆನ್ನಾಗಿ ನೆನಪಿದೆ ಕಣೇ. ಸ್ಟೀಲ್ ಲೋಟ, ಬಿಸಿನೀರು, ಕಿಟಕಿಯಿಂದ ಬೀಳುತ್ತಿದ್ದ ಬಿಸಿಲು, ಎಲ್ಲ ಕಣ್ಣ ಮುಂದೆ ಇದೆ. ಆದರೆ ಅದು ಇವತ್ತಿನದೋ ನಿನ್ನೆಯದೋ ತಿಳಿಯುತ್ತಿಲ್ಲ" ಎಂದರು.

ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಮರೆವು ಎಂದರೆ ನೆನಪು ಅಳಿಸಿಹೋಗುವುದು ಎಂದೇ ನಾನು ತಿಳಿದಿದ್ದೆ. ಅಮ್ಮನಿಗೆ ನೆನಪು ಇದೆ. ಒಂದಲ್ಲ, ಎರಡು ದಿನದ್ದೂ ಇದೆ. ಎರಡೂ ಒಂದರ ಮೇಲೊಂದು ಕೂತುಬಿಟ್ಟಿವೆ.

ಇನ್ನೂ ಒಂದು ವಿಷಯ. ಮಾತ್ರೆಯ ಡಬ್ಬಿ ಮೊದಲು ಫ್ರಿಜ್‌ನ ಮೇಲಿತ್ತು. ಮಗಳ ಕೈಗೆ ಸಿಗಬಾರದೆಂದು ಎರಡು ತಿಂಗಳ ಹಿಂದೆ ದೇವರ ಮನೆಯ ಕಪಾಟಿಗೆ ವರ್ಗಾಯಿಸಿದೆವು. ಎಲ್ಲಿದೆ ಎಂದು ಕೇಳಿದರೆ ಅಮ್ಮ ಸರಿಯಾಗಿಯೇ ಹೇಳುತ್ತಾರೆ. ಹೋಗುವುದು ಮಾತ್ರ ಫ್ರಿಜ್‌ನ ಬಳಿಗೆ. ವೈದ್ಯರು ಪರೀಕ್ಷಿಸಿ, ವಯಸ್ಸಿಗೆ ತಕ್ಕ ಹಾಗಿದೆ, ಸದ್ಯಕ್ಕೆ ಚಿಂತೆ ಬೇಡ ಎಂದಿದ್ದಾರೆ. ಚಿಕಿತ್ಸೆ ಕೇಳಲು ಇದನ್ನು ಬರೆಯುತ್ತಿಲ್ಲ. ಒಳಗೆ ಏನು ನಡೆಯುತ್ತಿದೆ ಎಂದು ಅರ್ಥ ಮಾಡಿಕೊಳ್ಳಬೇಕಿದೆ. ಈ ಎರಡೂ ಒಂದೇ ತೊಂದರೆಯೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ನರಕೋಶ

ತುಂಗಾತೀರ ಅವರೇ, ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಇಲಿಗಳ ಮಿದುಳಿನ ಸಂಕೇತಗಳನ್ನು ದಾಖಲಿಸುವ ಕೆಲಸ ಮಾಡುತ್ತೇನೆ. ನಿಮ್ಮ ತಾಯಿಯವರು ಒಂದು ವಾಕ್ಯದಲ್ಲಿ ಹೇಳಿದ ಮಾತನ್ನು ನಮ್ಮ ಕ್ಷೇತ್ರ ಐವತ್ತು ವರ್ಷಗಳಿಂದ ಬಿಡಿಸುತ್ತಾ ಬಂದಿದೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕಿವಿಯ ನೇರಕ್ಕೆ, ಮಿದುಳಿನ ಒಳಮಡಿಕೆಯಲ್ಲಿ, ಎಡಕ್ಕೊಂದು ಬಲಕ್ಕೊಂದು ಹಿಪ್ಪೊಕ್ಯಾಂಪಸ್ ಇದೆ. ಆಕಾರ ಕಡಲಕುದುರೆಯಂತಿರುವುದರಿಂದ ಆ ಹೆಸರು. ಹೊಸ ಘಟನೆಗಳ ನೆನಪಿಗೆ ಇದು ಬೇಕೇ ಬೇಕು ಎಂದು ಜಗತ್ತಿಗೆ ತಿಳಿದದ್ದು ಅಮೆರಿಕದ ಹೆನ್ರಿ ಮೊಲೈಸನ್ ಅವರಿಂದ. 1953ರಲ್ಲಿ, ಅಪಸ್ಮಾರ ಗುಣಪಡಿಸಲೆಂದು ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ಬಹುಭಾಗ ತೆಗೆಯಲಾಯಿತು. ಆಗ ಅವರಿಗೆ 27 ವರ್ಷ. ಆಮೇಲೆ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸದೊಂದು ದಿನ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಈ ಕತೆ ಬಹಳ ಜನರಿಗೆ ಗೊತ್ತು. ನಿಮ್ಮ ಪ್ರಶ್ನೆಗೆ ಬೇಕಾದದ್ದು ಇದಕ್ಕಿಂತ ಸೂಕ್ಷ್ಮ: ನೆನಪು ನಿಲ್ಲುವುದು ಬೇರೆ, ಒಂದೇ ಬಗೆಯ ಎರಡು ನೆನಪು ಬೆರೆಯದೆ ನಿಲ್ಲುವುದು ಬೇರೆ.

ದಾರಿ ಹೀಗಿದೆ. ಕಂಡದ್ದು, ಕೇಳಿದ್ದು, ಮೂಸಿದ್ದು ಎಲ್ಲವೂ ಎಂಟೊರೈನಲ್ ಕಾರ್ಟೆಕ್ಸ್ ಎಂಬ ಹೆಬ್ಬಾಗಿಲಿಗೆ ಬಂದು ಸೇರುತ್ತದೆ. ಅಲ್ಲಿಂದ ಹಿಪ್ಪೊಕ್ಯಾಂಪಸ್‌ನೊಳಗಿನ ಮೊದಲ ನಿಲ್ದಾಣ ಡೆಂಟೇಟ್ ಗೈರಸ್. ಅದರ ಮುಂದೆ ಸಿಎ3, ಆಮೇಲೆ ಸಿಎ1 ಎಂಬ ಭಾಗಗಳು, ಅಲ್ಲಿಂದ ಮತ್ತೆ ಹೊರಗೆ. ಇಲಿಯಲ್ಲಿ ಹೆಬ್ಬಾಗಿಲಿನ ಕೋಶಗಳು ಲಕ್ಷ-ಎರಡು ಲಕ್ಷದ ಆಸುಪಾಸು. ಡೆಂಟೇಟ್ ಗೈರಸ್‌ನಲ್ಲಿ ಗ್ರ್ಯಾನ್ಯೂಲ್ ಕೋಶಗಳು ಸುಮಾರು 10 ಲಕ್ಷ. ಹೀಗೆ ಸಂಖ್ಯೆ ಒಮ್ಮೆಲೇ ಹಿಗ್ಗುತ್ತದೆ, ಆದರೆ ಒಂದು ಹೊತ್ತಿನಲ್ಲಿ ಮಾತನಾಡುವ ಕೋಶಗಳು ನೂರಕ್ಕೆ ಕೆಲವೇ ಕೆಲವು. ಉಳಿದವೆಲ್ಲ ಮೌನ. ಒಳಗಿನ ತಡೆಕೋಶಗಳು ಅವುಗಳ ಬಾಯಿ ಕಟ್ಟಿರುತ್ತವೆ. ಇದರ ಫಲವೇನು? ಹೆಬ್ಬಾಗಿಲಿನಲ್ಲಿ ನಿನ್ನೆಯ ಬೆಳಿಗ್ಗೆಗೂ ಇವತ್ತಿನ ಬೆಳಿಗ್ಗೆಗೂ ಹತ್ತರಲ್ಲಿ ಒಂಬತ್ತು ಪಾಲು ಒಂದೇ ಕೋಶಗಳು ಮಿಡಿದಿರಬಹುದು. ಡೆಂಟೇಟ್ ಗೈರಸ್‌ಗೆ ಬರುವ ಹೊತ್ತಿಗೆ ಎರಡು ದಿನಕ್ಕೂ ಹೆಚ್ಚು ಕಡಿಮೆ ಬೇರೆಯದೇ ಕೋಶಗಳ ಗುಂಪು ಎದ್ದು ನಿಂತಿರುತ್ತದೆ. ಒಂದೇ ರೀತಿ ಕಾಣುವ ಎರಡು ಘಟನೆಗೆ ಎರಡು ಬೇರೆ ವಿಳಾಸ ಸಿಗುತ್ತದೆ. ನಮ್ಮವರು ಇದನ್ನು ಪ್ಯಾಟರ್ನ್ ಸೆಪರೇಶನ್ ಎನ್ನುತ್ತಾರೆ. ಕನ್ನಡದಲ್ಲಿ ನಾನು 'ಬೇರ್ಪಡಿಕೆ' ಎಂದೇ ಬರೆಯುತ್ತೇನೆ.

ಸಿಎ3ರ ಸ್ವಭಾವ ಇದಕ್ಕೆ ವಿರುದ್ಧ. ಅಲ್ಲಿನ ಕೋಶಗಳು ತಮ್ಮ ತಮ್ಮೊಳಗೇ ಸಾವಿರಾರು ಎಳೆಗಳಿಂದ ಹೆಣೆದುಕೊಂಡಿವೆ. ಒಂದು ತುಣುಕು ಸಿಕ್ಕರೆ ಸಾಕು, ಇಡೀ ಚಿತ್ರವನ್ನು ಮೇಲಕ್ಕೆ ಎಳೆದು ತರುತ್ತವೆ. ಹಲಸಿನ ಹಣ್ಣಿನ ವಾಸನೆ ಬಂದೊಡನೆ ಅಜ್ಜಿಯ ಮನೆಯ ಜಗಲಿ, ಕೈಗೆ ಹಚ್ಚಿಕೊಂಡ ಕೊಬ್ಬರಿ ಎಣ್ಣೆ, ಅಂಟಿನ ಜಗಳ ಎಲ್ಲ ನೆನಪಾಗುವುದು ಈ ಪೂರ್ತಿಗೊಳಿಸುವ ಗುಣದಿಂದ. ಎರಡೂ ಬೇಕು. ಬೇರ್ಪಡಿಸುವವನು ಬಲವಾಗಿದ್ದರೆ ಪ್ರತಿ ಬೆಳಿಗ್ಗೆಯೂ ಅಪರಿಚಿತ. ಪೂರ್ತಿಗೊಳಿಸುವವನು ಬಲವಾಗಿದ್ದರೆ ಎಲ್ಲ ಬೆಳಿಗ್ಗೆಯೂ ಒಂದೇ. ವಯಸ್ಸಾದಂತೆ ತಕ್ಕಡಿ ಎರಡನೆಯ ಕಡೆಗೆ ವಾಲುತ್ತದೆ. ನಿಮ್ಮ ತಾಯಿಯವರಿಗೆ ಲೋಟ, ಬಿಸಿನೀರು, ಬಿಸಿಲು ಅಷ್ಟು ನಿಚ್ಚಳವಾಗಿ ಕಂಡದ್ದು, ದಿನ ಮಾತ್ರ ತಿಳಿಯದೇ ಹೋದದ್ದು ಇದಕ್ಕೆ ಸರಿಹೊಂದುತ್ತದೆ.

ಅಡಿಕೆ ಅಂಗಳ

ನಮಸ್ಕಾರ, ಶಿರಸಿಯ ಕಡೆಯವನು, ತೋಟದ ಕೆಲಸ. ನರಕೋಶ ಅವರು ಬರೆದದ್ದನ್ನು ಎರಡು ಸಲ ಓದಿದೆ. ನನಗೆ ಅರ್ಥವಾದದ್ದು ಸರಿಯೇ ಎಂದು ನೋಡಿ. ಬುಟ್ಟಿಯಲ್ಲಿ ಅಡಿಕೆ ರಾಶಿ ಇದ್ದಾಗ ಯಾವುದು ಚಾಲಿ, ಯಾವುದು ಕೋಕ ಎಂದು ಆರಿಸಲು ಆಗುವುದಿಲ್ಲ. ಅದನ್ನೇ ಅಂಗಳಕ್ಕೆ ಸುರಿದು ತೆಳ್ಳಗೆ ಹರವಿದರೆ ಒಂದೊಂದು ಅಡಿಕೆಯ ಬಣ್ಣವೂ ಬೇರೆ ಕಾಣುತ್ತದೆ. ಅಡಿಕೆ ಅದೇ, ಜಾಗ ದೊಡ್ಡದಾಯಿತು ಅಷ್ಟೆ. ಡೆಂಟೇಟ್ ಗೈರಸ್ ಎಂದರೆ ಆ ಅಂಗಳವೇ?

ನರಕೋಶ

ಇದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಇದುವರೆಗೆ ಸಿಕ್ಕಿರಲಿಲ್ಲ. ನಿಮ್ಮ ಅಪ್ಪಣೆ ಇದ್ದರೆ ಮುಂದೆ ಉಪನ್ಯಾಸಗಳಲ್ಲಿ ಬಳಸಿಕೊಳ್ಳುತ್ತೇನೆ. ಹಿಗ್ಗಿಸಿ ಹರವುವುದು ಒಂದು, ಎರಡು ಕಾಳು ಒಂದಕ್ಕೊಂದು ತಾಗದ ಹಾಗೆ ವಿರಳವಾಗಿ ಇಡುವುದು ಇನ್ನೊಂದು. ಎರಡೂ ನಿಮ್ಮ ಅಂಗಳದಲ್ಲಿದೆ. 1971ರಲ್ಲಿ ಬ್ರಿಟನ್ನಿನ ಡೇವಿಡ್ ಮಾರ್ ಹಿಪ್ಪೊಕ್ಯಾಂಪಸ್ ಹೀಗೆ ವಿರಳ ಸಂಕೇತಗಳಲ್ಲಿ ನೆನಪನ್ನು ಹಿಡಿದು, ತುಣುಕಿನಿಂದ ಪೂರ್ತಿಯನ್ನು ಹೊರತರುತ್ತಿರಬೇಕು ಎಂದು ಲೆಕ್ಕ ಹಾಕಿ ಬರೆದರು. ಆಗ ಪ್ರಯೋಗದ ಪುರಾವೆ ಬಹಳ ಕಡಿಮೆ ಇತ್ತು.

ಸಾಕ್ಷಿ ಎಲ್ಲಿ

ಹೋಲಿಕೆ ಸುಂದರವಾಗಿದೆ, ಒಪ್ಪುತ್ತೇನೆ. ಆದರೆ ಸುಂದರವಾದ ಸಿದ್ಧಾಂತವೆಲ್ಲ ನಿಜವಾಗಬೇಕೆಂದಿಲ್ಲ. ಡೆಂಟೇಟ್ ಗೈರಸ್ ಬೇರ್ಪಡಿಸುತ್ತದೆ ಎಂದು ಯಾರು, ಹೇಗೆ ತೋರಿಸಿದರು? ಇಲಿಯಲ್ಲಿ ತೋರಿಸಿದ್ದನ್ನು 71 ವರ್ಷದ ಹೆಂಗಸಿಗೆ ಅನ್ವಯಿಸಬಹುದೇ? ನಾನು ಔಷಧ ಕ್ಷೇತ್ರದಲ್ಲಿ ಅಂಕಿಅಂಶ ನೋಡುವವನು. ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತದ್ದನ್ನು ಬಹಳ ಕಂಡಿದ್ದೇನೆ.

ನರಕೋಶ

ಕೇಳಬೇಕಾದ ಪ್ರಶ್ನೆಯೇ.

2007ರಲ್ಲಿ ಎರಡು ಕೆಲಸಗಳು ಬಂದವು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸುಸುಮು ಟೊನೆಗಾವ ಅವರ ಪ್ರಯೋಗಾಲಯದಲ್ಲಿ, ಡೆಂಟೇಟ್ ಗೈರಸ್‌ನ ಗ್ರ್ಯಾನ್ಯೂಲ್ ಕೋಶಗಳಲ್ಲಿ ಮಾತ್ರ ಕಲಿಕೆಗೆ ಬೇಕಾದ ಎನ್‌ಎಂಡಿಎ ಗ್ರಾಹಕ (ಸಂಕೇತ ಹಿಡಿಯುವ ಪ್ರೋಟೀನ್) ಇಲ್ಲದಂಥ ಇಲಿಗಳನ್ನು ಬೆಳೆಸಿದರು. ಒಂದು ಪೆಟ್ಟಿಗೆಯಲ್ಲಿ ಕಾಲಿಗೆ ಸಣ್ಣ ವಿದ್ಯುತ್ ಆಘಾತ, ಅದನ್ನೇ ಹೋಲುವ ಇನ್ನೊಂದರಲ್ಲಿ ಏನೂ ಇಲ್ಲ. ಸಾಮಾನ್ಯ ಇಲಿಗಳು ಕೆಲವು ದಿನಗಳಲ್ಲಿ ಮೊದಲ ಪೆಟ್ಟಿಗೆಯಲ್ಲಿ ಮಾತ್ರ ಹೆದರಿ ನಿಶ್ಚಲವಾಗುವುದನ್ನು ಕಲಿತವು. ಮಾರ್ಪಡಿಸಿದ ಇಲಿಗಳೂ ಹೆದರುವುದನ್ನು ಚೆನ್ನಾಗಿಯೇ ಕಲಿತವು, ಆದರೆ ಎರಡೂ ಪೆಟ್ಟಿಗೆಯಲ್ಲಿ ಹೆದರಿದವು. ವ್ಯತ್ಯಾಸ ಹಿಡಿಯಲು ಅವಕ್ಕೆ ಬಹಳ ಹೆಚ್ಚು ದಿನ ಬೇಕಾಯಿತು. ನೆನಪು ಕೆಟ್ಟಿರಲಿಲ್ಲ, ವಿವೇಚನೆ ಕೆಟ್ಟಿತ್ತು.

ಅದೇ ವರ್ಷ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ, ಮುಂದೆ 2014ರಲ್ಲಿ ನೊಬೆಲ್ ಪಡೆದ ಮೋಸರ್ ದಂಪತಿಯ ತಂಡದಲ್ಲಿ, ಗೋಡೆಗಳ ಆಕಾರ ಬದಲಿಸಬಹುದಾದ ಒಂದು ಆವರಣ ಮಾಡಿದರು. ಚೌಕದಿಂದ ವೃತ್ತಕ್ಕೆ ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಕೋಶಗಳ ಮಿಡಿತ ದಾಖಲಿಸಿದರು. ಆಕಾರ ಸ್ವಲ್ಪ ಬದಲಾದರೂ ಡೆಂಟೇಟ್ ಗೈರಸ್‌ನ ಕೋಶಗಳ ಮಿಡಿತದ ವಿನ್ಯಾಸ ಬೇರೆಯಾಗುತ್ತಿತ್ತು.

ನಮ್ಮ ಪ್ರಯೋಗಾಲಯದ ಒಂದು ಸಂಜೆಯನ್ನು ಹೇಳಲೇಬೇಕು. ಕೋಶ ಮಿಡಿದಾಗಲೆಲ್ಲ ಧ್ವನಿವರ್ಧಕದಲ್ಲಿ 'ಟಪ್' ಎಂಬ ಸದ್ದು ಬರುತ್ತದೆ, ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಹಾಗೆ. ಸಿಎ1ರ ಒಂದು ಕೋಶ, ಇಲಿ ಆವರಣದ ಒಂದು ಮೂಲೆಗೆ ಹೋದಾಗ ಮಾತ್ರ ಸಿಡಿಯುತ್ತಿತ್ತು. ಇಂಥ ಸ್ಥಳಕೋಶಗಳನ್ನು ಲಂಡನ್ನಿನಲ್ಲಿ ಜಾನ್ ಒ'ಕೀಫ್ 1971ರಲ್ಲಿ ಮೊದಲು ವರದಿ ಮಾಡಿದರು. ಇಲಿಯನ್ನು ಪಕ್ಕದ ಕೋಣೆಯ ಅಂಥದೇ ಆವರಣಕ್ಕೆ ಬಿಟ್ಟೆವು. ಅದೇ ಬಣ್ಣ, ಅದೇ ಅಳತೆ. ಇಲಿ ಅದೇ ಮೂಲೆಗೆ ಹೋಯಿತು. ಕೋಶ ಸುಮ್ಮನಿತ್ತು. ಪೂರ್ತಿ ಸುಮ್ಮನೆ. ಇದು ಆ ಜಾಗವಲ್ಲ ಎಂದು ಆ ಪುಟ್ಟ ಪ್ರಾಣಿಗೆ ತಿಳಿದಿತ್ತು. ಆ ಮೌನವನ್ನು ಕೇಳಿದ ದಿನವೇ ನಾನು ಈ ಕೆಲಸದಲ್ಲಿ ಉಳಿಯಬೇಕೆಂದು ನಿರ್ಧರಿಸಿದೆ.

ಮನುಷ್ಯರ ವಿಷಯಕ್ಕೆ ಬರುತ್ತೇನೆ. ಕ್ಯಾಲಿಫೋರ್ನಿಯಾದ ಕ್ರೇಗ್ ಸ್ಟಾರ್ಕ್ ಅವರ ತಂಡ ಬಳಸುವ ಪರೀಕ್ಷೆ ಸರಳ. ದಿನಬಳಕೆಯ ವಸ್ತುಗಳ ಚಿತ್ರ ತೋರಿಸುತ್ತಾರೆ. ಆಮೇಲೆ ಮತ್ತೊಂದು ಸರಣಿ: ಕೆಲವು ಅವೇ ಚಿತ್ರ, ಕೆಲವು ಹೊಚ್ಚ ಹೊಸವು, ಕೆಲವು ಮೊದಲಿನದನ್ನು ಹೋಲುವ ಆದರೆ ಬೇರೆಯಾದ ಚಿತ್ರ. ಹಳೆಯದು, ಹೊಸದು, ಹೋಲುವಂಥದು, ಯಾವುದೆಂದು ಹೇಳಬೇಕು. 2008ರಲ್ಲಿ ಮಿದುಳಿನ ಎಂಆರ್‌ಐ ಮಾಡುತ್ತಾ ನೋಡಿದಾಗ, ಹೋಲುವ ಚಿತ್ರ ಬಂದೊಡನೆ ಡೆಂಟೇಟ್ ಗೈರಸ್ ಮತ್ತು ಸಿಎ3 ಇರುವ ಭಾಗ ಅದನ್ನು ಹೊಸದರಂತೆ ನಡೆಸಿಕೊಂಡಿತು. ಮನುಷ್ಯರ ಎಂಆರ್‌ಐನಲ್ಲಿ ಆ ಎರಡು ಭಾಗಗಳನ್ನು ಒಂದರಿಂದೊಂದು ಬಿಡಿಸಿ ನೋಡುವುದು ಕಷ್ಟ, ಆದ್ದರಿಂದ ಇಲಿಯಷ್ಟು ಖಚಿತವಾಗಿ ಇಲ್ಲಿ ಹೇಳಲಾಗದು. ಹಿರಿಯರಲ್ಲಿ ಅವೇ ಚಿತ್ರಗಳನ್ನು ಗುರುತಿಸುವ ಶಕ್ತಿ ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ, ಹೋಲುವವನ್ನು ಮಾತ್ರ 'ಇದು ಹಳೆಯದೇ' ಎನ್ನುವುದು ಹೆಚ್ಚಾಗುತ್ತದೆ. ಇದು ಮತ್ತೆ ಮತ್ತೆ ಕಂಡುಬಂದಿರುವ ಫಲಿತಾಂಶ.

ಆರಭಿ

ಮೈಸೂರಿನಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಹೋಲುವ ಚಿತ್ರಗಳ ಪರೀಕ್ಷೆಯನ್ನು ಓದುತ್ತಿದ್ದಂತೆ ಆರಭಿ ಮತ್ತು ದೇವಗಾಂಧಾರಿ ನೆನಪಾಯಿತು. ಎರಡಕ್ಕೂ ಆರೋಹಣ ಒಂದೇ, ಅವರೋಹಣವೂ ಒಂದೇ. ಸ್ವರ ಬರೆದುಕೊಂಡು ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ದೇವಗಾಂಧಾರಿಯಲ್ಲಿ ಗಾಂಧಾರದ ಮೇಲೆ ನಿಧಾನ, ಉದ್ದನೆಯ ಓಲಾಟ. ಆರಭಿಯಲ್ಲಿ ಬಿಗಿ, ಚುರುಕು. ಮಕ್ಕಳಿಗೆ ಮೊದಲ ವರ್ಷ ಎರಡೂ ಒಂದೇ ಆಗಿ ಕೇಳುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಬೇರೆಯಾಗುತ್ತದೆ, ಆಮೇಲೆ ಎಂದೂ ಬೆರೆಯುವುದಿಲ್ಲ. ನಮ್ಮ ಅವಧಾನಿಗಳನ್ನೂ ನೋಡಿ: ಎಂಟು ಪೃಚ್ಛಕರು ಎಂಟು ಕಡೆಯಿಂದ ಪ್ರಶ್ನೆ ಹಾಕುತ್ತಾರೆ, ನಡುವೆ ಅಪ್ರಸ್ತುತ ಪ್ರಸಂಗದವರು ಮಾತು ತಪ್ಪಿಸುತ್ತಾರೆ, ಆದರೂ ಒಬ್ಬರ ಪದ್ಯದ ಪಾದ ಇನ್ನೊಬ್ಬರದರೊಳಗೆ ಸೇರುವುದಿಲ್ಲ. ಅವರ ಡೆಂಟೇಟ್ ಗೈರಸ್ ದೊಡ್ಡದಿರುತ್ತದೆಯೇ?

ನರಕೋಶ

ಆರಭಿ ಅವರೇ, ಅವಧಾನಿಗಳ ಗೆಲುವಿನಲ್ಲಿ ಛಂದಸ್ಸಿನ ಪಾಲು ದೊಡ್ಡದಿರಬೇಕು ಎಂಬುದು ನನ್ನ ಊಹೆ. ಒಬ್ಬೊಬ್ಬರಿಗೂ ಬೇರೆ ವೃತ್ತ, ಬೇರೆ ವಸ್ತು ಇರುವುದರಿಂದ ಬರುವ ಹೊತ್ತಿಗೇ ಅವು ಬೇರೆಯಾಗಿ ಬರುತ್ತವೆ. ಗಾತ್ರ ಬದಲಾಗುತ್ತದೆಯೇ ಎಂಬುದಕ್ಕೆ ಹತ್ತಿರದ ಉದಾಹರಣೆ ಲಂಡನ್ನಿನ ಟ್ಯಾಕ್ಸಿ ಚಾಲಕರದು. ನಗರದ ಬೀದಿಗಳನ್ನೆಲ್ಲ ಬಾಯಿಪಾಠ ಮಾಡಿ ಪರವಾನಗಿ ಪಡೆದವರಲ್ಲಿ ಹಿಪ್ಪೊಕ್ಯಾಂಪಸ್‌ನ ಹಿಂಭಾಗ ಉಳಿದವರಿಗಿಂತ ದೊಡ್ಡದಿತ್ತು ಎಂದು ಎಲಿನಾರ್ ಮಗ್ವೈರ್ 2000ದಲ್ಲಿ ತೋರಿಸಿದರು. ರಾಗದ ವಿಷಯದಲ್ಲಿ ಒಂದು ಎಚ್ಚರಿಕೆ. ಮಕ್ಕಳ ಕಿವಿ ಪಳಗುವುದರಲ್ಲಿ ಶ್ರವಣ ಕಾರ್ಟೆಕ್ಸ್‌ನ ಪಾಲು ದೊಡ್ಡದು. ನಿಧಾನವಾಗಿ, ವರ್ಷಗಟ್ಟಲೆ ಕಲಿತು ಬರುವ ವ್ಯತ್ಯಾಸ ಅದು. ಹಿಪ್ಪೊಕ್ಯಾಂಪಸ್ ಒಂದೇ ಸಲ ನಡೆದದ್ದನ್ನೂ ಬೇರೆ ಇಡುತ್ತದೆ. ಅದರ ಹೆಚ್ಚುಗಾರಿಕೆ ಅಲ್ಲಿದೆ.

ಚಾಕ್‌ಪೀಸು

ದಾವಣಗೆರೆಯ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ತುಂಗಾತೀರ ಅವರ ಎರಡನೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಡಬ್ಬಿ ದೇವರ ಮನೆಯಲ್ಲಿದೆ ಎಂದು ಗೊತ್ತಿದ್ದೂ ಕಾಲು ಫ್ರಿಜ್ ಕಡೆಗೆ ಹೋಗುತ್ತದೆಂದರೆ ಅದು ನೆನಪಿನ ತೊಂದರೆಯಲ್ಲ, ಹಟದ ಬುದ್ಧಿ ಎನ್ನುವವರಿದ್ದಾರೆ. ನಮ್ಮ ಶಾಲೆಯಲ್ಲಿಯೂ ಹೊಸ ವಿಧಾನ ಹೇಳಿಕೊಟ್ಟ ಮೇಲೂ ಹಳೆಯ ವಿಧಾನಕ್ಕೇ ಹೋಗುವ ಮಕ್ಕಳನ್ನು 'ಮೊಂಡು' ಎಂದು ಕರೆದುಬಿಡುತ್ತೇವೆ.

ನರಕೋಶ

ಮೇಷ್ಟ್ರೇ, ಮೊಂಡುತನ ಎನ್ನುವ ಮೊದಲು ಇದನ್ನು ಕೇಳಿ.

ಈ ಭಾಗ ನನಗೆ ಬಹಳ ಇಷ್ಟ. ಇಲಿಗಳ ನೀರಿನ ಪರೀಕ್ಷೆ ಒಂದಿದೆ, ರಿಚರ್ಡ್ ಮಾರಿಸ್ ಅವರು 1980ರ ದಶಕದ ಆರಂಭದಲ್ಲಿ ರೂಪಿಸಿದ್ದು. ಮಬ್ಬು ನೀರಿನ ದೊಡ್ಡ ತೊಟ್ಟಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಕಾಣದ ಒಂದು ಮಣೆ. ಇಲಿ ಈಜಾಡಿ ಮಣೆ ಹುಡುಕಿಕೊಳ್ಳುತ್ತದೆ, ಕೆಲವು ದಿನಗಳಲ್ಲಿ ನೇರವಾಗಿ ಅಲ್ಲಿಗೇ ಹೋಗುತ್ತದೆ. 2009ರಲ್ಲಿ ಜರ್ಮನಿಯ ಗೆರ್ಡ್ ಕೆಂಪರ್‌ಮಾನ್ ತಂಡ ಔಷಧ ಕೊಟ್ಟು ಡೆಂಟೇಟ್ ಗೈರಸ್‌ನಲ್ಲಿ ಹೊಸ ಕೋಶ ಹುಟ್ಟುವುದನ್ನು ಬಹಳ ತಗ್ಗಿಸಿತು. ಆ ಇಲಿಗಳೂ ಮಣೆಯ ಜಾಗ ಕಲಿತವು. ಆದರೆ ಮಣೆಯನ್ನು ಇನ್ನೊಂದು ಕಡೆಗೆ ಸರಿಸಿದಾಗ ಅವು ಹಳೆಯ ಜಾಗದಲ್ಲೇ ಸುತ್ತು ಹಾಕುತ್ತಿದ್ದವು. 2012ರಲ್ಲಿ ನ್ಯೂಯಾರ್ಕಿನಲ್ಲಿ ಇಂಥದೇ ಇನ್ನೊಂದು ಪ್ರಯೋಗ: ತಿರುಗುವ ತಟ್ಟೆಯ ಮೇಲೆ ಆಘಾತದ ಜಾಗವೊಂದರಿಂದ ದೂರ ಇರಬೇಕು. ಹೊಸ ಕೋಶಗಳಿಲ್ಲದ ಇಲಿಗಳು ಮೊದಲ ಪಾಠವನ್ನು ಉಳಿದವುಗಳಷ್ಟೇ ಚೆನ್ನಾಗಿ ಕಲಿತವು. ಜಾಗ ಬದಲಿಸಿದಾಗ ಮಾತ್ರ ಎಡವಿದವು.

ನನ್ನ ತಿಳುವಳಿಕೆ ಹೀಗಿದೆ. ಮನಸ್ಸು ಬದಲಿಸಿಕೊಳ್ಳಲು ಹಳೆಯದನ್ನು ಅಳಿಸಬೇಕಿಲ್ಲ, ಹೊಸದನ್ನು ಹಳೆಯದರ ಪಕ್ಕದಲ್ಲಿ ಬೇರೆಯಾಗಿ ಇಡಲು ಬಂದರೆ ಸಾಕು. 'ಆಗ ಫ್ರಿಜ್ ಮೇಲೆ' ಮತ್ತು 'ಈಗ ದೇವರ ಮನೆಯಲ್ಲಿ' ಎಂಬ ಎರಡು ಪಾಠಗಳು ಒಂದೇ ವಿಳಾಸದಲ್ಲಿ ಬಿದ್ದರೆ ಬಲವಾದ ಹಳೆಯದೇ ಮೇಲೆದ್ದು ಬರುತ್ತದೆ. ಬೇರ್ಪಡಿಕೆ ಮತ್ತು ಬಾಗುವ ಬುದ್ಧಿ ಒಂದೇ ಬೇರಿನವು ಎಂದು ನಾನು ನಂಬುವುದು ಇದಕ್ಕೇ.

ಆದರೆ ತುಂಗಾತೀರ ಅವರ ತಾಯಿಯವರ ವಿಷಯದಲ್ಲಿ ಇನ್ನೊಂದು ಎಳೆಯೂ ಇದೆ. ಬಾಯಿ ಸರಿ ಹೇಳುತ್ತದೆ, ಕಾಲು ತಪ್ಪು ಹೋಗುತ್ತದೆ ಎಂದಿದ್ದೀರಿ. 1996ರಲ್ಲಿ ಪ್ಯಾಕರ್ಡ್ ಮತ್ತು ಮ್ಯಾಕ್‌ಗಾ ಕೂಡುದಾರಿಯ ಆಕಾರದ ಒಂದು ದಾರಿಜಾಲದಲ್ಲಿ, ಯಾವ ತೋಳಿನ ತುದಿಯಲ್ಲಿ ಆಹಾರ ಇದೆ ಎಂದು ಇಲಿಗಳಿಗೆ ಕಲಿಸಿದರು. ಎಂಟನೆಯ ದಿನ ಎದುರು ಬದಿಯಿಂದ ಬಿಟ್ಟಾಗ ಹೆಚ್ಚಿನವು ಜಾಗವನ್ನು ಹುಡುಕಿಕೊಂಡು ಹೋದವು, ಅದು ಹಿಪ್ಪೊಕ್ಯಾಂಪಸ್‌ನ ಕೆಲಸ. ಹದಿನಾರನೆಯ ದಿನದ ಹೊತ್ತಿಗೆ ಕಲಿತ ಕೈಗೇ ತಿರುಗಿದವು, ಅದು ಕಾಡೇಟ್ ಎಂಬ ಒಳಗಿನ ಭಾಗದ ಕೆಲಸ, ಅಭ್ಯಾಸದ ಕೆಲಸ. ಆರು ತಿಂಗಳು ಫ್ರಿಜ್‌ಗೆ ನಡೆದ ಕಾಲು ಅಭ್ಯಾಸದ ವಶದಲ್ಲಿರಬಹುದು. ಹಾಗಿದ್ದರೆ ಎರಡು ತೊಂದರೆಗಳೂ ಪೂರ್ತಿ ಒಂದೇ ಅಲ್ಲ. ಮಾತ್ರೆಯ ದಿನ ಮರೆತದ್ದು ಬೇರ್ಪಡಿಕೆಯದು. ಡಬ್ಬಿಯದು ಅರ್ಧ ಅದು, ಅರ್ಧ ರೂಢಿ.

ಬಾಗುವ ಬುದ್ಧಿಗೆ ಇನ್ನೊಂದು ಮುಖವಿದೆ. ಬೋಸ್ಟನ್ನಿನ ಹೊವರ್ಡ್ ಐಕನ್‌ಬಾಮ್ ಮತ್ತು ಡ್ಯೂಸೆಕ್ 1997ರಲ್ಲಿ ಇಲಿಗಳಿಗೆ ವಾಸನೆ ಬೆರೆಸಿದ ಮರಳಿನ ಬಟ್ಟಲುಗಳನ್ನು ಜೋಡಿ ಜೋಡಿಯಾಗಿ ಕೊಟ್ಟರು. ಅ ಮತ್ತು ಆ ಇದ್ದರೆ ತಿಂಡಿ ಅ-ದಲ್ಲಿ. ಆ ಮತ್ತು ಇ ಇದ್ದರೆ ಆ-ದಲ್ಲಿ. ಇ ಮತ್ತು ಈ ಇದ್ದರೆ ಇ-ಯಲ್ಲಿ. ಈ ಮತ್ತು ಉ ಇದ್ದರೆ ಈ-ಯಲ್ಲಿ. ಆಮೇಲೆ ಎಂದೂ ಒಟ್ಟಿಗೆ ಕಾಣದ ಆ ಮತ್ತು ಈ ಮುಂದಿಟ್ಟರು. ಸಾಮಾನ್ಯ ಇಲಿ ಆ-ವನ್ನು ಅಗೆಯಿತು. ಹೇಳಿಕೊಡದ ಉತ್ತರವನ್ನು ಅದು ಕಟ್ಟಿಕೊಂಡಿತ್ತು! ಹಿಪ್ಪೊಕ್ಯಾಂಪಸ್‌ನ ನಂಟು ಕಡಿದ ಇಲಿಗಳು ನಾಲ್ಕೂ ಜೋಡಿಯನ್ನು ಕಲಿತಿದ್ದವು, ಇದೊಂದರಲ್ಲಿ ತಡಕಾಡಿದವು. ಒಂದೊಂದು ನೆನಪನ್ನು ಬೇರೆಯಾಗಿ ಇಟ್ಟಿದ್ದರೆ ಮಾತ್ರ ಅವನ್ನು ಹೊಸ ರೀತಿಯಲ್ಲಿ ಜೋಡಿಸಲು ಬರುತ್ತದೆ. 2007ರಲ್ಲಿ ಲಂಡನ್ನಿನ ಡೆಮಿಸ್ ಹಸಾಬಿಸ್ ಮತ್ತು ಮಗ್ವೈರ್, ಹಿಪ್ಪೊಕ್ಯಾಂಪಸ್‌ಗೆ ಪೆಟ್ಟಾದವರನ್ನು 'ಕಡಲ ದಂಡೆಯಲ್ಲಿ ಮಲಗಿದ್ದೀರಿ, ಏನು ಕಾಣುತ್ತದೆ ಹೇಳಿ' ಎಂದು ಕೇಳಿದರು. ಹೆಚ್ಚಿನವರಿಗೆ ಬಿಡಿ ತುಣುಕುಗಳು ಸಿಕ್ಕವು, ಒಂದು ದೃಶ್ಯವಾಗಿ ಕೂಡಲಿಲ್ಲ. ಕಳೆದುದನ್ನು ನೆನೆಯುವ ಯಂತ್ರವೇ ಬರುವುದನ್ನು ಊಹಿಸುವ ಯಂತ್ರವೂ ಹೌದು.

ಸಾಕ್ಷಿ ಎಲ್ಲಿ

ಹೊಸ ಕೋಶ ಹುಟ್ಟುವ ಮಾತು ಬಂತು. ವಯಸ್ಕ ಮನುಷ್ಯರ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶ ಹುಟ್ಟುತ್ತದೆ ಎಂಬುದೇ ವಿವಾದವಲ್ಲವೇ? ಓದುಗರಿಗೆ ಅದನ್ನೂ ಹೇಳಬೇಕು.

ನರಕೋಶ

ಹೌದು, ಹೇಳಬೇಕು. ಇಲಿಯಲ್ಲಿ ಹುಟ್ಟುತ್ತದೆ ಎಂದು ಜೋಸೆಫ್ ಆಲ್ಟ್‌ಮನ್ 1965ರಲ್ಲೇ ಬರೆದರು, ಬಹುಕಾಲ ಯಾರೂ ಒಪ್ಪಲಿಲ್ಲ. ಮನುಷ್ಯರಲ್ಲಿ 1998ರಲ್ಲಿ ಮೊದಲ ಪುರಾವೆ ಬಂತು. 2013ರಲ್ಲಿ ಸ್ವೀಡನ್ನಿನ ಯೊನಾಸ್ ಫ್ರಿಸೆನ್ ತಂಡ ಬಳಸಿದ ಉಪಾಯ ಅದ್ಭುತ: ಶೀತಲ ಸಮರದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14 ಹೆಚ್ಚಿ, ಆಮೇಲೆ ವರ್ಷದಿಂದ ವರ್ಷಕ್ಕೆ ಇಳಿದಿತ್ತು. ಕೋಶದ ಡಿಎನ್ಎಯಲ್ಲಿರುವ ಅದರ ಪ್ರಮಾಣ ನೋಡಿ ಆ ಕೋಶ ಯಾವ ವರ್ಷ ಹುಟ್ಟಿತು ಎಂದು ಲೆಕ್ಕ ಹಾಕಿದರು. ಒಂದೊಂದು ಹಿಪ್ಪೊಕ್ಯಾಂಪಸ್‌ನಲ್ಲಿ ದಿನಕ್ಕೆ ಸುಮಾರು 700 ಎಂಬ ಅಂದಾಜು ಬಂತು. 2018ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ಎರಡು ಪ್ರಬಂಧ ಬಂದವು. ಒಂದು, ಬಾಲ್ಯದ ಬಳಿಕ ಬಹುತೇಕ ನಿಲ್ಲುತ್ತದೆ ಎಂದಿತು. ಇನ್ನೊಂದು, ಮುಪ್ಪಿನವರೆಗೂ ಇರುತ್ತದೆ ಎಂದಿತು. ಸತ್ತ ಮೇಲೆ ಮಿದುಳನ್ನು ಎಷ್ಟು ಹೊತ್ತಿನಲ್ಲಿ, ಹೇಗೆ ಕಾಯ್ದಿಟ್ಟರು ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. ನನ್ನ ಒಲವು 'ಇದೆ, ಆದರೆ ಜನರಿಂದ ಜನರಿಗೆ ಬಹಳ ವ್ಯತ್ಯಾಸ' ಎಂಬ ಕಡೆಗೆ. ಬೇರ್ಪಡಿಕೆಯ ವಿಷಯ ಇದರ ಮೇಲೆ ಪೂರ್ತಿ ನಿಂತಿಲ್ಲ. ಅಂಗಳ ಅಗಲವಾಗಿರುವುದು, ಕೋಶಗಳು ವಿರಳವಾಗಿ ಮಿಡಿಯುವುದು, ಇವು ಹೊಸ ಕೋಶವಿಲ್ಲದೆಯೂ ಇವೆ.

ಮಳೆಬಿಲ್ಲು

ಓದುತ್ತಾ ಕಣ್ಣು ತುಂಬಿತು, ಅದಕ್ಕೇ ಬರೆಯುತ್ತಿದ್ದೇನೆ. ಮೂರು ವರ್ಷದ ಹಿಂದೆ ಹೆದ್ದಾರಿಯಲ್ಲಿ ಲಾರಿಯೊಂದು ನನ್ನ ಸ್ಕೂಟರಿಗೆ ಗುದ್ದಿತು. ಈಗಲೂ ಯಾವ ರಸ್ತೆಯಲ್ಲಾದರೂ ಲಾರಿಯ ಹಾರ್ನ್ ಕೇಳಿದರೆ ಅಂಗೈ ಬೆವರುತ್ತದೆ. ಮನೆಯ ಮುಂದಿನ ಓಣಿಯಲ್ಲೂ. ಹಾವು ತುಳಿದವನಿಗೆ ಹಗ್ಗ ಕಂಡರೂ ಭಯ ಎಂದು ಅತ್ತೆ ಸಮಾಧಾನ ಹೇಳುತ್ತಾರೆ. ಆ ಎರಡೂ ಪೆಟ್ಟಿಗೆಯಲ್ಲಿ ಹೆದರಿದ ಇಲಿ ನಾನೇ ಎನ್ನಿಸಿತು.

ನರಕೋಶ

ಮಳೆಬಿಲ್ಲು ಅವರೇ, ನೀವು ಬರೆದದ್ದು ಒಳ್ಳೆಯದಾಯಿತು. ಭಯ ತನ್ನ ಜಾಗ ಬಿಟ್ಟು ಎಲ್ಲೆಡೆ ಹರಡುವುದರಲ್ಲಿ ಬೇರ್ಪಡಿಕೆ ಸೋಲುವುದೂ ಒಂದು ಕಾರಣ ಎಂದು ಹಲವು ಸಂಶೋಧಕರು ಭಾವಿಸುತ್ತಾರೆ. ಬೆಂಗಳೂರಿನಲ್ಲಿಯೇ ನಡೆದ ಕೆಲಸವೊಂದಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಅವರ ತಂಡ 2002ರಲ್ಲಿ, ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಒತ್ತಡಕ್ಕೆ ಒಳಗಾದ ಇಲಿಗಳಲ್ಲಿ ಸಿಎ3 ಕೋಶಗಳ ಕೊಂಬೆಗಳು ಮೊಟಕಾಗುತ್ತವೆ, ಭಯದ ಕೇಂದ್ರವಾದ ಅಮಿಗ್ಡಲದಲ್ಲಿ ಕೊಂಬೆಗಳು ಬೆಳೆಯುತ್ತವೆ ಎಂದು ತೋರಿಸಿತು. ಎಲ್ಲಿ, ಯಾವಾಗ ಎಂದು ಹೇಳುವ ಭಾಗ ಸೊರಗುತ್ತದೆ, ಹೆದರು ಎನ್ನುವ ಭಾಗ ಹಬ್ಬುತ್ತದೆ. ಇದು ನಿಮ್ಮ ಮನೋಬಲದ ಕೊರತೆಯಲ್ಲ. ಆಪ್ತಸಲಹೆಗಾರರ ಜೊತೆ ಕೂತು ಆ ರಸ್ತೆ, ಆ ಹೊತ್ತು, ಆ ಲಾರಿ ಎಂದು ಒಂದೊಂದನ್ನೂ ಬಿಡಿಸಿ ಹೇಳುವ ಚಿಕಿತ್ಸೆಗಳಿವೆ, ಫಲ ಕೊಡುತ್ತವೆ. ದಯವಿಟ್ಟು ಹೋಗಿ.

ರಾತ್ರಿಪಾಳಿ

ನರರೋಗ ವಾರ್ಡಿನಲ್ಲಿ ಹನ್ನೆರಡು ವರ್ಷದಿಂದ ಶುಶ್ರೂಷಕಿ. ವಿಜ್ಞಾನ ಚೆನ್ನಾಗಿದೆ, ನಾನು ಮಾತ್ರೆಯ ಮಾತು ಆಡುತ್ತೇನೆ.

ತುಂಗಾತೀರ ಅಕ್ಕಾ, ರಕ್ತದೊತ್ತಡದ ಮಾತ್ರೆ ಎರಡು ಸಲ ಹೋದರೆ ತಲೆ ತಿರುಗಿ ಬೀಳುವ ಅಪಾಯವಿದೆ. ನುಂಗಿದೆನೋ ಇಲ್ಲವೋ ಎಂದು ಸಂಶಯ ಬಂದಾಗ ಇನ್ನೊಂದು ನುಂಗಬಾರದು, ವೈದ್ಯರನ್ನೋ ಔಷಧ ಅಂಗಡಿಯವರನ್ನೋ ಕೇಳಿ. ಏಳು ಖಾನೆಯ, ವಾರದ ಹೆಸರು ಬರೆದ ಡಬ್ಬಿ ಇವತ್ತೇ ತನ್ನಿ. ಖಾನೆ ಖಾಲಿಯಿದ್ದರೆ ನುಂಗಿದ್ದಾಯಿತು, ನೆನಪನ್ನು ಪೀಡಿಸುವ ಅಗತ್ಯವೇ ಇಲ್ಲ. ವಿಟಮಿನ್ ಬಿ12, ಥೈರಾಯಿಡ್ ಪರೀಕ್ಷೆ ಆಗಿದೆಯೇ ನೋಡಿಕೊಳ್ಳಿ. ನಿದ್ದೆ ಹೇಗಿದೆ, ಕಿವಿ ಸರಿಯಾಗಿ ಕೇಳುತ್ತದೆಯೇ, ಅಲರ್ಜಿಗೆ ಅಥವಾ ನಿದ್ದೆಗೆ ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ, ಇವೆಲ್ಲವೂ ನೆನಪನ್ನು ಮಂಕು ಮಾಡುತ್ತವೆ, ಸರಿಪಡಿಸಲೂ ಬರುತ್ತವೆ. ಗೊಂದಲ ತಿಂಗಳಿಂದ ತಿಂಗಳಿಗೆ ಹೆಚ್ಚಿದರೆ, ಹಣದ ಲೆಕ್ಕ ಅಥವಾ ದಾರಿ ತಪ್ಪಿದರೆ ಮತ್ತೆ ತೋರಿಸಿ.

ಒಬ್ಬರು ನನಗೆ ಪ್ರತ್ಯೇಕವಾಗಿ ಲೆವೆಟಿರಾಸಿಟಾಮ್ ಬಗ್ಗೆ ಕೇಳಿದ್ದಾರೆ. ಅದು ಅಪಸ್ಮಾರದ ಔಷಧ. ನೆನಪು ಕುಗ್ಗಲು ಆರಂಭವಾದವರಲ್ಲಿ ಡೆಂಟೇಟ್ ಗೈರಸ್ ಮತ್ತು ಸಿಎ3 ಅತಿಯಾಗಿ ಮಿಡಿಯುತ್ತಿತ್ತು, ಬಹಳ ಸಣ್ಣ ಪ್ರಮಾಣದ ಈ ಔಷಧದಿಂದ ಆ ಮಿಡಿತ ತಗ್ಗಿ ಹೋಲುವ ಚಿತ್ರಗಳ ಪರೀಕ್ಷೆಯಲ್ಲಿ ಸುಧಾರಣೆ ಕಂಡಿತು ಎಂದು 2012ರ ಒಂದು ಸಣ್ಣ ಅಧ್ಯಯನ ಹೇಳಿದ್ದು ನಿಜ. ಅದನ್ನು ಓದಿ ಯಾರೂ ಅಂಗಡಿಯಿಂದ ತಂದು ನುಂಗಬೇಡಿ. ಸಿಟ್ಟು, ಖಿನ್ನತೆ, ಮಂಪರು ಬರಿಸಬಲ್ಲ ಮಾತ್ರೆ ಅದು.

ಅಡಿಕೆ ಅಂಗಳ

ನಡಿಗೆಯಿಂದ ಏನಾದರೂ ಪ್ರಯೋಜನ ಇದೆಯೇ? ನನ್ನ ತಂದೆ 83ರಲ್ಲೂ ದಿನಾ ತೋಟಕ್ಕೆ ಇಳಿದು ಹತ್ತುತ್ತಾರೆ, ಯಾವ ಮರಕ್ಕೆ ಯಾವ ವರ್ಷ ಗೊಬ್ಬರ ಹಾಕಿದ್ದು ಎಂದು ಬಿಡಿಬಿಡಿಯಾಗಿ ಹೇಳುತ್ತಾರೆ.

ನರಕೋಶ

ಇದೆ ಎನ್ನುವ ಕಡೆಗೇ ಪುರಾವೆ ಇದೆ. ಜಪಾನಿನಲ್ಲಿ 2018ರಲ್ಲಿ ಯುವಜನರಿಗೆ ಕೇವಲ 10 ನಿಮಿಷ ಬಹಳ ಹಗುರಾಗಿ ಸೈಕಲ್ ತುಳಿಸಿ ಹೋಲುವ ಚಿತ್ರಗಳ ಪರೀಕ್ಷೆ ಮಾಡಿದಾಗ, ತುಳಿಯದೇ ಇದ್ದ ದಿನಕ್ಕಿಂತ ಚೆನ್ನಾಗಿ ಗುರುತಿಸಿದರು. ಹೊಸ ಜಾಗ ಸುತ್ತುವುದೂ ಒಳ್ಳೆಯದು. ನಮ್ಮ ಹಳ್ಳಿಗಳ ಹಿರಿಯರ ಬಗ್ಗೆ ಉತ್ತರ ನಮ್ಮಲ್ಲಿಯೇ ಸಿಗಬೇಕು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, 45 ದಾಟಿದವರ ಮಿದುಳಿನ ಆರೋಗ್ಯವನ್ನು ಹಲವು ವರ್ಷ ಹಿಂಬಾಲಿಸುವ ದೊಡ್ಡ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿದೆ. ಅಂಥ ಕೆಲಸಕ್ಕೆ ಜನ ಮನಸ್ಸಿಟ್ಟು ಸಹಕರಿಸಬೇಕು ಎಂಬುದು ನನ್ನ ಕಳಕಳಿಯ ವಿನಂತಿ.

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಹದಿನೈದು ದಿನ ಕಳೆದು ಬರೆಯುತ್ತಿದ್ದೇನೆ. ಏಳು ಖಾನೆಯ ಡಬ್ಬಿ ಬಂತು. ಬಿ12 ಕಡಿಮೆಯಿತ್ತು, ಅದಕ್ಕೆ ಚಿಕಿತ್ಸೆ ಶುರುವಾಗಿದೆ. ನೀವು ಬರೆದದ್ದನ್ನೆಲ್ಲ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಡಿಕೆ ಹರವುವ ಮಾತು ಅವರಿಗೆ ತಕ್ಷಣ ಅರ್ಥವಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ದಿನಗಳೇ ಒಂದೇ ಥರ ಇದ್ದರೆ ಪಾಪ ಅದಾದರೂ ಏನು ಮಾಡೀತು?" ಎಂದರು. ತೀರ್ಥಹಳ್ಳಿಯಲ್ಲಿ ಹಾಲಿನವನು, ಹೊಳೆ, ದನ, ಪಕ್ಕದ ಮನೆಯ ಜಗಳ, ದಿನಕ್ಕೊಂದು ಬಣ್ಣವಿತ್ತು. ಇಲ್ಲಿ ನಾಲ್ಕನೆಯ ಮಹಡಿಯಲ್ಲಿ ಎಲ್ಲ ಬೆಳಿಗ್ಗೆಗೂ ಒಂದೇ ಕಿಟಕಿ. ಅದು ನನಗೆ ಹೊಳೆದೇ ಇರಲಿಲ್ಲ.

ಈಗ ಅವರೇ ಒಂದು ಕ್ರಮ ಮಾಡಿಕೊಂಡಿದ್ದಾರೆ. ಬೆಳಿಗ್ಗೆ ಕೆಳಗೆ ಇಳಿದು ಪೂಜೆಗೆ ಹೂ ಕೊಯ್ಯುತ್ತಾರೆ, ದಿನಕ್ಕೊಂದು ಜಾತಿ. ಮಾತ್ರೆ ನುಂಗಿದ ಮೇಲೆ ಅದರಲ್ಲೊಂದನ್ನು ಡಬ್ಬಿಯ ಮುಚ್ಚಳದ ಮೇಲೆ ಇಟ್ಟು, ಹೆಸರನ್ನು ಬಾಯಿಬಿಟ್ಟು ಹೇಳುತ್ತಾರೆ. ಮೊನ್ನೆ ನಂದಿಬಟ್ಟಲು, ನಿನ್ನೆ ದಾಸವಾಳ. ಇವತ್ತು ಮಧ್ಯಾಹ್ನ ನಾನು ಬೇಕೆಂದೇ ಕೇಳಿದೆ, ಮಾತ್ರೆ ಆಯಿತೇ ಎಂದು. "ಆಯಿತು, ಕನಕಾಂಬರದ ದಿನ" ಎಂದರು. ಡಬ್ಬಿ ತೆರೆದು ನೋಡಿದೆ, ಖಾನೆ ಖಾಲಿಯಿತ್ತು. ಫ್ರಿಜ್‌ನ ಬಳಿಗೆ ಹೋಗುವುದು ಇನ್ನೂ ನಿಂತಿಲ್ಲ, ವಾರಕ್ಕೆ ಎರಡು ಸಲವಾದರೂ ಹೋಗುತ್ತಾರೆ.

ಚಾಕ್‌ಪೀಸು

ಇದನ್ನು ಓದಿ ನಮ್ಮ ಒಂಬತ್ತನೆಯ ತರಗತಿಯಲ್ಲಿ ಹೋಲುವ ಚಿತ್ರಗಳ ಪರೀಕ್ಷೆ ಮಾಡಬೇಕೆಂದು ತೀರ್ಮಾನಿಸಿದೆ. ಮಕ್ಕಳು ತಮ್ಮ ಮನೆಯ ಅಜ್ಜ ಅಜ್ಜಿಯರಿಗೂ ಮಾಡಲಿ. ವಿದೇಶದ ಚಿತ್ರಗಳು ಬೇಡ, ನಮ್ಮ ಮನೆಗಳ ವಸ್ತುಗಳೇ ಬೇಕು. ಒಂದೇ ಥರದ ಎರಡು ತಂಬಿಗೆ, ಎರಡು ಮೊರ, ಎರಡು ಬೀಗದ ಕೈ, ಎರಡು ಚಪ್ಪಲಿ. ಜೋಡಿ ಒಂದನ್ನೊಂದು ಹೋಲಬೇಕು, ಆದರೆ ದಿಟ್ಟಿಸಿ ನೋಡಿದರೆ ಬೇರೆ ಎಂದು ಕಾಣಬೇಕು. ಬಿಳಿ ಬಟ್ಟೆಯ ಮೇಲಿಟ್ಟು, ಮೇಲಿನಿಂದ, ಹಗಲು ಬೆಳಕಿನಲ್ಲಿ ಫೋಟೊ ತೆಗೆದು ಇಲ್ಲಿ ಹಾಕಬಲ್ಲಿರಾ? ಅರವತ್ತು ಜೋಡಿ ಬೇಕು. ಇದುವರೆಗೆ ನನ್ನ ಬಳಿ ಹನ್ನೊಂದು ಇವೆ.

ಆರಭಿ

ಎರಡು ಶ್ರುತಿಪೆಟ್ಟಿಗೆ, ಎರಡು ಜೋಡಿ ತಾಳ. ಸಂಜೆ ಪಾಠ ಮುಗಿದ ಮೇಲೆ ತೆಗೆದು ಹಾಕುತ್ತೇನೆ, ಹಗಲು ಬೆಳಕು ಇರದಿದ್ದರೆ ನಾಳೆ ಬೆಳಿಗ್ಗೆ.